ದ್ವೀಪವಿಹಾರ

ದ್ವೀಪವೆಂಬ ಶಬ್ದವನ್ನು ವೈಯಾಕರಣರು ಬಿಡಿಸಿ ತೋರಿಸುವ ಕ್ರಮ ಸ್ವಾರಸ್ಯವುಳ್ಳದ್ದು. ‘ದ್ವಿ’ ಎಂದರೆ ಎರಡು, ‘ಅಪ್’ ಎಂದರೆ ನೀರು. ಇಕ್ಕೆಲದಲ್ಲಿಯೂ ನೀರುಳ್ಳುದೇ ದ್ವೀಪ. ಸಮಾಸದಲ್ಲಿ ‘ಅಪ್’ ಶಬ್ದದ ಅಕಾರವು ಈಕಾರವಾಗುವುದಕ್ಕೆ ಪಾಣಿನಿಯ ಸೂತ್ರವೇ ಉಂಟು. ಯಮುನೆಯ ನಡುಗಡ್ಡೆಯಲ್ಲಿ ಹುಟ್ಟಿದುದರಿಂದ ವ್ಯಾಸರಿಗೆ ದ್ವೈಪಾಯನರೆಂಬ ಹೆಸರು ಬಂದಿತು. ಸಂಸ್ಕೃತಕ್ಕೆ ಹೀಗೆ ಒಂದು ಮಾತು ಪ್ರಸಿದ್ಧವಾದರೆ ಕನ್ನಡಕ್ಕೆ ಹಲವು. ಹೊಳೆಯ ನಡುವೆ ಎದ್ದು ನಿಂತ ನೆಲ ನಡುಗಡ್ಡೆ; ನೀರಿನ ಮಧ್ಯೆ ಉಬ್ಬಿದ ದಿಬ್ಬ ತಿಟ್ಟು; ರಂಗನತಿಟ್ಟಿನಲ್ಲಿರುವ ತಿಟ್ಟು ಇದೇ. ಉತ್ತರ ಕನ್ನಡದವರು ಕುರುವ, ಕುರ್ವೆ ಎನ್ನುತ್ತಾರೆ. ಅತ್ತ ರಾಯಚೂರಿನ ಕೃಷ್ಣೆಯಲ್ಲಿಯೂ ಕುರ್ವಕುಲ, ಕುರ್ವಕುರ್ದ ಎಂಬ ನಡುಗಡ್ಡೆಗಳಿವೆ. ಉಡುಪಿಯ ಸೀಮೆಗೆ ಬಂದರೆ ಅದು ಕುದ್ರು.

ಇವುಗಳಲ್ಲಿ ದ್ವೀಪವೆಂಬ ಹೆಸರಿಗೆ ಒಂದು ವಿಶೇಷವಿದೆ. ಆ ಹೆಸರಿನೊಳಗೆ ನೀರು ಇದೆ, ನೆಲವಿಲ್ಲ. ರಜೆಯ ದಿನಗಳಲ್ಲಿ ದ್ವೀಪಕ್ಕೆ ಹೊರಡುವವನು ಅಲ್ಲಿಯ ಮರಳನ್ನು, ತೆಂಗಿನ ನೆರಳನ್ನು, ಬಂಡೆಯ ಮೇಲಿನ ಸಂಜೆಯನ್ನು ನೆನೆಯುತ್ತಾನೆ. ಹೆಸರಿಟ್ಟ ಪೂರ್ವಿಕರು ಮೊದಲು ನೆನೆದದ್ದು ನೀರನ್ನು. ಈ ಅಂತರವನ್ನು ಬಲ್ಲವನಿಗೆ ದ್ವೀಪವಿಹಾರವು ಸುಖವೂ ಶಿಕ್ಷಣವೂ ಆಗುತ್ತದೆ. ಅರಿಯದವನಿಗೆ ಅದೇ ಅಪಾಯಕ್ಕೆ ಎಡೆಯಾಗುತ್ತದೆ. ಈ ಪ್ರಬಂಧದ ತಾತ್ಪರ್ಯವೂ ಇಷ್ಟೆ.

ದ್ವೀಪವಿಹಾರವೆಂದೊಡನೆ ಇಂದಿನ ತರುಣರು ದೂರದ ನೆಲಗಳನ್ನು ಹೆಸರಿಸುತ್ತಾರೆ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಆಚೆಗಿನ ಹಿತವಾದ ಹವೆಯಲ್ಲಿರುವ ಜಪಾನಿನ ಓಕಿನಾವಾ, ಆಫ್ರಿಕದ ಪಡುವಣ ಕಡಲಿನ ಕ್ಯಾನರಿ ದ್ವೀಪಗಳು, ಮಾರಿಷಸ್, ಮಾಲ್ಡೀವ್ಸ್, ಈಚೆಗೆ ಅಂಡಮಾನಿನಲ್ಲಿ ೨೦೧೮ರಲ್ಲಿ ಸ್ವರಾಜ್ ದ್ವೀಪವೆಂದು ಹೊಸ ಹೆಸರು ಪಡೆದ ಹ್ಯಾವ್‌ಲಾಕ್, ಹೀಗೆ ಪಟ್ಟಿ ಬೆಳೆಯುತ್ತದೆ. ಅಲ್ಲಿ ಜನ ಮಾಡುವುದೇನು? ದೋಣಿಯೇರುತ್ತಾರೆ, ಬಂಡೆಗಳ ಮೇಲೆ ಅಲೆಯುತ್ತಾರೆ, ಹಕ್ಕಿಗಳನ್ನು ನೋಡುತ್ತಾರೆ, ಹುಟ್ಟು ಹಾಕುತ್ತ ಹಿನ್ನೀರಿನಲ್ಲಿ ಸುತ್ತುತ್ತಾರೆ, ನೀರಿನೊಳಗೆ ಮುಳುಗಿ ಹವಳವನ್ನೂ ಮೀನನ್ನೂ ಕಾಣುತ್ತಾರೆ. ಇವೆಲ್ಲವೂ ಕರ್ನಾಟಕದ ಹೊಳೆ ಕಡಲುಗಳಲ್ಲಿಯೇ ಉಂಟು. ಕರ್ನಾಟಕವು ಪೂರ್ತಿಯಾಗಿ ಉಷ್ಣವಲಯದೊಳಗೆ ಬರುವುದರಿಂದ ಬಿಸಿಲು ಸ್ವಲ್ಪ ಹೆಚ್ಚು, ಅಷ್ಟೇ ವ್ಯತ್ಯಾಸ.

ಬೆಂಗಳೂರಿನ ಬಡಗಣ ಭಾಗದಲ್ಲಿ, ಬಳ್ಳಾರಿ ರಸ್ತೆಗೂ ಕೊಡಿಗೇಹಳ್ಳಿಗೂ ನಡುವೆ ಸಹಕಾರನಗರವೆಂಬ ಬಡಾವಣೆಯಿದೆ. ಸಹಕಾರವೆಂದರೆ ಕೂಡಿ ಕೆಲಸ ಮಾಡುವುದೆಂದು ಎಲ್ಲರೂ ಬಲ್ಲರು. ಕಾವ್ಯಗಳನ್ನು ಓದಿದವರಿಗೆ ಸಹಕಾರವೆಂದರೆ ಸುಗಂಧವುಳ್ಳ ಮಾವಿನ ಮರವೆಂಬುದೂ ಗೊತ್ತು. ಕಡಲ ಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದ ಈ ಬಯಲಿನಲ್ಲಿ ಹೊಳೆಯಿಲ್ಲ, ಕೆರೆಗಳಿವೆ. ಯಲಹಂಕದ ಕೆರೆಯಿಂದ ಜಕ್ಕೂರಿಗೆ, ಜಕ್ಕೂರಿನಿಂದ ರಾಚೇನಹಳ್ಳಿಗೆ ನೀರು ಹರಿಯುವಂತೆ ಹಿರಿಯರು ಕಟ್ಟಿದ ಸರಣಿ ಅದು. ಹಿಂದೆ ಆ ಕೆರೆಗಳಲ್ಲಿ ಹುಡುಗರು ಈಜುತ್ತಿದ್ದರು. ಈಗ ಸುತ್ತಲೂ ಬೇಲಿ, ನಡೆದಾಡಲು ದಾರಿ; ನೀರು ನೋಡುವುದಕ್ಕೆ ಮಾತ್ರ. ಆದುದರಿಂದ ಅಲ್ಲಿಯ ಮಕ್ಕಳು ಬುದ್ಧಿವಂತರಾಗಿಯೂ ನೀರಿನ ಮಟ್ಟಿಗೆ ಅನಕ್ಷರಸ್ಥರಾಗಿ ಬೆಳೆಯುತ್ತಾರೆ.

ಈ ಬಡಾವಣೆಯಲ್ಲಿ ಭೂಗೋಳದ ನಿವೃತ್ತ ಮೇಷ್ಟ್ರೊಬ್ಬರು ಮಗ, ಸೊಸೆ, ಮೊಮ್ಮಗನೊಡನೆ ವಾಸವಾಗಿದ್ದಾರೆ. ಅವರು ತಿಪಟೂರಿನ ಕಡೆಯ ಹಳ್ಳಿಯವರು. ತೆಂಗಿನ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು. ಮೊಮ್ಮಗ ಎಂಟನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ಕರಾವಳಿಯ ಪ್ರವಾಸ ನಿಶ್ಚಯವಾಯಿತು. ಅದೇ ಸಮಯಕ್ಕೆ, ೨೦೨೪ರ ಡಿಸೆಂಬರಿನಲ್ಲಿ, ಮುರುಡೇಶ್ವರದ ಕಡಲ ತೀರದಲ್ಲಿ ಬಯಲುಸೀಮೆಯ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳಿಗೆ ಸಿಲುಕಿ ಅಸುನೀಗಿದ ವಾರ್ತೆ ನಾಡನ್ನೆಲ್ಲ ಕಲಕಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದ ದಿನ ಸೊಸೆ ಲೇಖನಿ ಹಿಡಿಯಲಿಲ್ಲ.

“ಮಾವ, ಆ ಮಕ್ಕಳ ತಾಯಂದಿರೂ ಹೀಗೇ ಬುತ್ತಿ ಕಟ್ಟಿ ಕಳಿಸಿದ್ದರಲ್ಲವೆ?” ಎಂದಷ್ಟೇ ಕೇಳಿದಳು.

ಮೇಷ್ಟ್ರು ಮರುಮಾತಾಡಲಿಲ್ಲ. ಮೂವತ್ತು ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದವರು ಅವರು. ತಲೆಯೆಣಿಸಿ ಬಸ್ಸು ಹತ್ತಿಸಿದ ಪ್ರತಿಯೊಂದು ಸಂಜೆಯೂ ಆಗ ಅವರ ಕಣ್ಣಮುಂದೆ ಬಂದಿರಬೇಕು. ಹುಡುಗ ಆ ವರ್ಷ ಪ್ರವಾಸಕ್ಕೆ ಹೋಗಲಿಲ್ಲ. ಆದರೆ ಮೇಷ್ಟ್ರು ವಿಷಯವನ್ನು ಅಲ್ಲಿಗೇ ಬಿಡಲೂ ಇಲ್ಲ. “ಈ ವರ್ಷ ತಡೆದದ್ದು ಸರಿ, ತಾಯಿ. ಇವನು ನಾಳೆ ಕಾಲೇಜು ಸೇರುತ್ತಾನೆ. ಗೆಳೆಯರ ಸಂಗಡ ಹೋಗಿಯೇ ಹೋಗುತ್ತಾನೆ. ಆಗ ತಡೆಯುವುದಕ್ಕೆ ನೀನಿರುವುದಿಲ್ಲ, ಎಣಿಸುವುದಕ್ಕೆ ಉಪಾಧ್ಯಾಯರೂ ಇರುವುದಿಲ್ಲ. ಒಂದು ವರ್ಷ ಕೊಡು, ಕಲಿಸಿ ಕರೆದುಕೊಂಡು ಹೋಗೋಣ” ಎಂದರು.

ಆ ಮಾತು ಕೇವಲ ಊಹೆಯಲ್ಲ. ೨೦೨೨ರ ಏಪ್ರಿಲಿನಲ್ಲಿ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ನೀರುಪಾಲಾದವರು ನೆರೆರಾಜ್ಯದಿಂದ ವಿಹಾರಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು. ೨೦೧೯ರ ಜನವರಿ ೨೧ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ೧೫ಕ್ಕೂ ಹೆಚ್ಚು ಮಂದಿ ಸತ್ತರು. ಹಾವೇರಿಯ ಬಯಲಿನಿಂದ ಬಂದವರೂ ಅವರಲ್ಲಿದ್ದರು. ಕಡಲಿನ ಮಕ್ಕಳು ಕಡಲಿಗೆ ಅಂಜಿ ನಡೆಯುತ್ತಾರೆ. ಬಯಲಿನ ಮಕ್ಕಳಿಗೆ ಅಂಜಬೇಕಾದ ಎಡೆ ಯಾವುದೆಂಬುದೇ ತಿಳಿಯದು.

ಮೇಷ್ಟ್ರು ಹಿಡಿದದ್ದು ಸೋಪಾನಕ್ರಮ. ಮೊದಲ ಮೆಟ್ಟಿಲು ಈಜುಕೊಳ. ಬೇಸಗೆಯ ರಜೆಯಲ್ಲಿ ಆರು ವಾರ, ಬೆಳಗಿನ ಹೊತ್ತು, ತರಬೇತಿ ಪಡೆದವರೊಬ್ಬರ ಕೈಕೆಳಗೆ ಹುಡುಗನನ್ನು ಬಿಟ್ಟರು. ವೇಗ ಬೇಡ, ಮೊದಲು ತೇಲುವುದು ಬರಲಿ ಎಂಬುದು ಅವರ ಆಗ್ರಹ. ಮೈಯನ್ನು ಸಡಿಲಬಿಟ್ಟು, ಮುಖ ಮೇಲೆ ಮಾಡಿ, ಉಸಿರನ್ನು ಅಳತೆಯಲ್ಲಿಟ್ಟವನನ್ನು ನೀರು ತಾನಾಗಿ ಹೊರುತ್ತದೆ. ಬಡಿದಾಡಿದವನು ದಣಿದು ಮುಳುಗುತ್ತಾನೆ. ಸೋರೆಬುರುಡೆಯ ಕಾಲದ ವಿದ್ಯೆಯೂ ಇದೇ ಆಗಿತ್ತು. ಇಂದಿನ ಲೈಫ್ ಜಾಕೆಟ್ ಆ ಬುರುಡೆಯ ಮೊಮ್ಮಗನೆಂದು ಮೇಷ್ಟ್ರು ನಗುತ್ತಿದ್ದರು. ಆದರೆ ಕಡೆಯ ದಿನ ನಗದೆ ಹೇಳಿದ ಮಾತು ಬೇರೆ: “ಕೊಳದಲ್ಲಿ ಈಜು ಬಂತೆಂದರೆ ಕಡಲಿಗೆ ಇಳಿಯುವುದಕ್ಕೆ ಪರವಾನಗಿ ಸಿಕ್ಕಿತು ಎಂದಲ್ಲ. ಗಾಬರಿಯಾಗದೆ ಇರುವುದಕ್ಕೆ ಒಂದು ಸಾಧನ ಸಿಕ್ಕಿತು, ಅಷ್ಟೆ.”

ಎರಡನೆಯ ಮೆಟ್ಟಿಲು ಮನೆಯ ಸಮೀಪದ್ದು. ಜಕ್ಕೂರಿನ ಕೆರೆ ಸುಮಾರು ೧೬೦ ಎಕರೆಯಷ್ಟು ವಿಸ್ತಾರವುಳ್ಳದ್ದು. ಅದರ ನಡುವೆ ಹಕ್ಕಿಗಳಿಗೆ ಆಶ್ರಯವಾದ ಮಣ್ಣಿನ ದಿಬ್ಬಗಳಿವೆ. ನಸುಕಿನಲ್ಲಿ ದಡದ ದಾರಿಯಲ್ಲಿ ನಿಂತು ನೋಡಿದರೆ ನೀರುಕಾಗೆಗಳು ರೆಕ್ಕೆಯನ್ನು ಬಿಸಿಲಿಗೆ ಹರಡಿ ಕೂತಿರುತ್ತವೆ. ಹೆಜ್ಜಾರ್ಲೆಗಳು ಕೊಕ್ಕಿನ ಚೀಲದಲ್ಲಿ ಮೀನನ್ನು ಬಾಚುತ್ತವೆ. ಆ ದಿಬ್ಬಕ್ಕೆ ಹೋಗಲು ದೋಣಿಯಿಲ್ಲ, ಇರಲೂ ಬಾರದು. ಹತ್ತಿರ ಹೋಗದೆ ಆನಂದಿಸುವ ಅಭ್ಯಾಸ ಅಲ್ಲಿಂದ ಮೊದಲಾಯಿತು.

ಮೂರನೆಯ ಮೆಟ್ಟಿಲು ರಂಗನತಿಟ್ಟು. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಅಣೆಯಿಂದಾಗಿ ಹೊಳೆಯ ನಡುವೆ ಉಂಟಾದ ತಿಟ್ಟುಗಳು ಅವು. ಪಕ್ಷಿತಜ್ಞ ಸಲೀಂ ಅಲಿಯವರ ಸೂಚನೆಯಂತೆ ಮೈಸೂರಿನ ಒಡೆಯರು ೧೯೪೦ರಲ್ಲಿ ಅದನ್ನು ಪಕ್ಷಿಧಾಮವಾಗಿ ಘೋಷಿಸಿದರು. ೨೦೨೨ರಲ್ಲಿ ಅದು ರಾಮ್ಸಾರ್ ತಾಣಗಳ ಸಾಲಿಗೆ ಸೇರಿತು. ಅಲ್ಲಿ ದೋಣಿಯುಂಟು, ಅಂಬಿಗನುಂಟು; ಆದರೆ ತಿಟ್ಟಿನ ಮೇಲೆ ಕಾಲಿಡುವಂತಿಲ್ಲ. ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಯೇ ಆ ನಿಯಮದ ಕಾವಲುಗಾರ. ಕನ್ನಂಬಾಡಿಯಿಂದ ನೀರು ಹೆಚ್ಚಾಗಿ ಬಿಟ್ಟ ದಿನ ದೋಣಿವಿಹಾರವನ್ನೇ ನಿಲ್ಲಿಸುತ್ತಾರೆ. ಹುಡುಗ ಮೊದಲ ಸಲ ಹೋದಾಗ ಆದದ್ದೂ ಅದೇ. ಟಿಕೆಟ್ಟಿನ ಕಿಂಡಿ ಮುಚ್ಚಿತ್ತು. ಎರಡು ಗಂಟೆಯ ದಾರಿ ಸವೆಸಿ ಬಂದವರು ದಡದಿಂದಲೇ ಹಿಂದಿರುಗಿದರು. ಹುಡುಗನ ಮುಖ ಸಪ್ಪಗಾಯಿತು. ಆದರೆ ನೀರು ‘ಇಂದು ಬೇಡ’ ಎಂದರೆ ಹಿಂದಿರುಗಬೇಕು ಎಂಬ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಅಷ್ಟು ಚೆನ್ನಾಗಿ ಬರೆದಿರಲಾರದು. ಒಂದು ತಿಂಗಳ ಬಳಿಕ ಪುನಃ ಹೋಗಿ ದೋಣಿಯೇರಿದರು.

ಇಷ್ಟಾದ ಮೇಲೆ ಮರುವರ್ಷದ ಡಿಸೆಂಬರಿನಲ್ಲಿ ಕುಟುಂಬವೆಲ್ಲ ಯಶವಂತಪುರದಲ್ಲಿ ರೈಲು ಹತ್ತಿತು. ಹಾಸನ ದಾಟಿ, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಾಟಿಯಲ್ಲಿ ೫೭ ಸುರಂಗಗಳುಂಟು. ಹುಡುಗ ಒಂದೊಂದನ್ನೂ ಎಣಿಸುತ್ತ, ನಡುವೆ ಎಣಿಕೆ ತಪ್ಪಿ, ಮತ್ತೆ ತಾತನನ್ನು ಕೇಳುತ್ತ ಕರಾವಳಿಗೆ ಇಳಿದ. ಪ್ರಯಾಣದ ದಿನವನ್ನು ಗೊತ್ತುಮಾಡುವಾಗ ಮೇಷ್ಟ್ರು ಪಂಚಾಂಗವನ್ನು ತೆರೆದಿದ್ದರು. ನೋಡಿದ್ದು ರಾಹುಕಾಲವನ್ನಲ್ಲ, ತಿಥಿಯನ್ನು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದಾಗಿ ಕಡಲಿನ ಉಬ್ಬರವೂ ಇಳಿತವೂ ಹೆಚ್ಚು. ಅಷ್ಟಮಿಯ ಸುಮಾರಿಗೆ ಕಡಿಮೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಅವು ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತವೆ. ಪಂಚಾಂಗವುಳ್ಳ ಮನೆಯಲ್ಲಿ ಕಡಲಿನ ದಿನಚರಿಯೂ ಗೋಡೆಗೆ ತೂಗಿರುತ್ತದೆಂಬುದನ್ನು ಎಷ್ಟು ಮಂದಿ ಯೋಚಿಸಿದ್ದಾರು?

ಮೊದಲು ಇಳಿದುಕೊಂಡದ್ದು ಹೊನ್ನಾವರದಲ್ಲಿ. ಶರಾವತಿಯು ಕಡಲನ್ನು ಸೇರುವ ಎಡೆಯಲ್ಲಿ ಹೊಳೆಯೊಳಗೆ ಜನವಸತಿಯುಳ್ಳ ದ್ವೀಪಗಳಿವೆ. ಅವುಗಳಲ್ಲಿ ಒಂದರ ಹೆಸರು ಮಾವಿನಕುರ್ವೆ. ಸಹಕಾರನಗರದಿಂದ ಹೊರಟವರು ಮಾವಿನಕುರ್ವೆಯನ್ನು ಕಂಡರೆ ಮಾವಿನಿಂದ ಮಾವಿಗೆ ಬಂದಂತೆಯೇ ಆಯಿತೆಂದು ಮೇಷ್ಟ್ರಿಗೆ ಹಿಗ್ಗು. ದೋಣಿಯಲ್ಲಿ ಕುರ್ವೆಯ ಸುತ್ತ ಬಂದರೆ ತೆಂಗಿನ ಸಾಲು, ಮನೆಯಂಗಳ, ಒಣಹಾಕಿದ ಬಲೆ, ಶಾಲೆಯಿಂದ ಮರಳುವ ಮಕ್ಕಳು ಕಾಣುತ್ತಾರೆ. ವಿಹಾರಿಗಳು ರಜೆಗೆ ಬರುವ ಎಡೆಯಲ್ಲಿ ಇತರರು ಬಾಳುತ್ತಿದ್ದಾರೆಂಬ ವಿವೇಕ ಅಲ್ಲಿ ತಾನಾಗಿ ಉಂಟಾಗುತ್ತದೆ. ಹತ್ತಿರದಲ್ಲಿಯೇ ಕಾಂಡ್ಲಾ ಗಿಡಗಳ ನಡುವೆ ಹಲಗೆ ಹಾಸಿದ ನಡಿಗೆದಾರಿಯಿದೆ. ಉಪ್ಪುನೀರಿನಲ್ಲಿ ನಿಂತ ಆ ಗಿಡಗಳಲ್ಲಿ ಕೆಲವು ಊರುಗೋಲಿನಂತಹ ಬೇರನ್ನು ಇಳಿಬಿಟ್ಟಿರುತ್ತವೆ. ಕೆಲವು ಉಸಿರಾಟಕ್ಕಾಗಿ ಬೇರಿನ ತುದಿಯನ್ನು ಕೆಸರಿನಿಂದ ಮೇಲಕ್ಕೆ ಚಾಚಿರುತ್ತವೆ. ಬೆಳಗ್ಗೆ ಕಂಡ ಬೇರು ಮಧ್ಯಾಹ್ನ ನೀರಿನಡಿ ಅಡಗಿದ್ದನ್ನು ನೋಡಿ ಹುಡುಗನಿಗೆ ಉಬ್ಬರವಿಳಿತದ ಪಾಠ ಕಣ್ಣಿಗೇ ಕಟ್ಟಿತು. ಹೊನ್ನಾವರದ ಕಡಲಿನಲ್ಲಿ ಕೆಳದಿಯವರ ಕಾಲದ ಕೋಟೆಯ ಅವಶೇಷವುಳ್ಳ ಬಸವರಾಜದುರ್ಗವೂ ದೂರಕ್ಕೆ ಕಾಣುತ್ತದೆ.

ಕಡಲಿನಲ್ಲಿ ಮೀಯುವ ಆಸೆ ಮಕ್ಕಳಿಗೆ ಸಹಜ. ಅದಕ್ಕೆ ದ್ವೀಪವು ತಕ್ಕ ಸ್ಥಳವಲ್ಲ. ಕಾವಲುಳ್ಳ ತೀರವೇ ತಕ್ಕದ್ದು. ೨೦೨೦ರಲ್ಲಿ ಕರ್ನಾಟಕದ ಎರಡು ಕಡಲತೀರಗಳಿಗೆ, ಹೊನ್ನಾವರದ ಕಾಸರಕೋಡಿಗೂ ಉಡುಪಿ ಜಿಲ್ಲೆಯ ಪಡುಬಿದ್ರೆಗೂ, ಶುಚಿತ್ವ ಮತ್ತು ಸುರಕ್ಷತೆಗಾಗಿ ನೀಡುವ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ಈಜುವ ಎಡೆಯನ್ನು ಗುರುತಿಸಿ ಜೀವರಕ್ಷಕರನ್ನು ನಿಲ್ಲಿಸುವುದು ಆ ಮನ್ನಣೆಯ ನಿಬಂಧನೆಗಳಲ್ಲೊಂದು. ಕಾಸರಕೋಡಿನಲ್ಲಿ ಹುಡುಗ ಸೊಂಟದ ಮಟ್ಟದವರೆಗೆ ಇಳಿದು, ಅಲೆಗೆ ಬೆನ್ನು ತೋರಿಸದೆ ನಿಂತು, ದಣಿಯುವಷ್ಟು ಆಡಿದ. ತಾಯಿ ಮೊದಲು ಅಂಚಿನಲ್ಲಿ ಕೈಕಟ್ಟಿ ನಿಂತಿದ್ದವಳು ಆಮೇಲೆ ಸೀರೆಯ ನೆರಿಗೆಯನ್ನೆತ್ತಿ ತಾನೂ ಮೊಣಕಾಲಿನವರೆಗೆ ಇಳಿದಳು.

ಮರುದಿನ ಮುರುಡೇಶ್ವರ. ಅಲ್ಲಿಂದ ಸುಮಾರು ೧೯ ಕಿಲೋಮೀಟರ್ ದೂರ ಕಡಲೊಳಗೆ ನೇತ್ರಾಣಿ ದ್ವೀಪ. ಸುತ್ತಲೂ ಹವಳದ ನೆಲೆಗಳಿದ್ದು ನೀರಿನೊಳಗೆ ಮುಳುಗಿ ನೋಡುವ ಸ್ಕೂಬಾ ವಿಹಾರಕ್ಕೆ ಅದು ಹೆಸರಾಗಿದೆ. ಕನ್ನಡದ ಕಾವ್ಯರಸಿಕರಿಗೆ ಇಲ್ಲಿ ರನ್ನನ ದುರ್ಯೋಧನನು ನೆನಪಾಗದಿರಲಾರ. ಜಲಮಂತ್ರದ ಬಲದಿಂದ ಅವನು ವೈಶಂಪಾಯನ ಸರೋವರದೊಳಗೆ ಅಡಗಿದ್ದನಷ್ಟೆ. ಈಗಿನ ಮಂತ್ರ ಬೆನ್ನಿಗೆ ಕಟ್ಟಿದ ಗಾಳಿಯ ಸಿಲಿಂಡರು. ವ್ಯತ್ಯಾಸವೆಂದರೆ ದುರ್ಯೋಧನನು ಒಬ್ಬನೇ ಇಳಿದ. ಇಲ್ಲಿ ಹೊಸಬನ ಜೊತೆಗೆ ಬಲ್ಲವನೊಬ್ಬ ಇಳಿಯುತ್ತಾನೆ. ಉಸಿರನ್ನು ಹಿಡಿದಿಡದೆ ಸಮವಾಗಿ ಆಡಿಸುವುದು, ಕಿವಿಯ ಒತ್ತಡವನ್ನು ಸರಿಪಡಿಸುವುದು, ಮಾತಿಗೆ ಬದಲಾಗಿ ಕೈಸನ್ನೆ, ಇವಿಷ್ಟನ್ನು ತೀರದಲ್ಲಿಯೇ ಕಲಿಸಿ ಕರೆದೊಯ್ಯುತ್ತಾರೆ. ಮೇಷ್ಟ್ರ ಮಗ ಇಳಿದು ಬಂದು ಬಣ್ಣಬಣ್ಣದ ಮೀನುಗಳನ್ನು ವರ್ಣಿಸಿದ. ಹುಡುಗನಿಗೆ ಆಸೆ ತಡೆಯದಾಯಿತು.

“ತಾತ, ನಾನು ಯಾವಾಗ?”

“ಈಜಿನಲ್ಲಿ ಇನ್ನೂ ಎರಡು ವರ್ಷ ಪಳಗು, ಆಮೇಲೆ ವೈದ್ಯರೂ ಹೂಂ ಅನ್ನಲಿ, ನಿನ್ನಮ್ಮನೂ ಹೂಂ ಅನ್ನಲಿ.”

ಆ ಸಂಜೆ ಸೊಸೆ ತೀರದಲ್ಲಿ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ.

ಕೊನೆಯ ಮೆಟ್ಟಿಲು ಮಲ್ಪೆಯ ದ್ವೀಪ. ಸ್ಥಳೀಯರು ತೋನ್ಸೆಪಾರ್ ಎಂದು ಕರೆಯುವ ಈ ಶಿಲಾದ್ವೀಪಗಳಿಗೆ, ೧೪೯೮ರಲ್ಲಿ ಬಂದ ವಾಸ್ಕೋ ಡ ಗಾಮ ಮೇರಿಯಮ್ಮನ ಹೆಸರಿಟ್ಟನೆಂದು ಪ್ರತೀತಿ. ನಾಲ್ಕು ಮುಖ್ಯ ದ್ವೀಪಗಳ ಪೈಕಿ ವಿಹಾರಿಗಳು ಹೋಗುವುದು ತೆಂಗಿನ ದ್ವೀಪಕ್ಕೆ. ಉದ್ದ ಸುಮಾರು ೫೦೦ ಮೀಟರ್, ಅಗಲ ಸುಮಾರು ೧೦೦ ಮೀಟರ್. ಮನುಷ್ಯವಸತಿಯಿಲ್ಲ. ಮಲ್ಪೆಯ ಬಂದರಿನಿಂದ ದೋಣಿ ಹೊರಟರೆ ಮೀನುಗಾರರ ಬೋಟುಗಳ ಸಾಲು, ಅವುಗಳ ಮೇಲೆ ಸುತ್ತುವ ಕಡಲಹಕ್ಕಿಗಳು, ಹಿಂದೆ ಸರಿಯುವ ತೆಂಗಿನ ತೀರ. ದಡ ಕಿರಿದಾದಂತೆ ಹುಡುಗನ ಮಾತೂ ಕಡಿಮೆಯಾಯಿತು. ಮುಂಗಾರಿನ ತಿಂಗಳುಗಳಲ್ಲಿ ಈ ದೋಣಿಗಳು ಓಡಾಡುವುದಿಲ್ಲ. ಜೂನ್ ಮೊದಲ ದಿನದಿಂದ ಜುಲೈ ಕೊನೆಯವರೆಗೆ ಯಂತ್ರದ ಬೋಟುಗಳಿಗೆ ಮೀನುಗಾರಿಕೆಯೂ ನಿಷಿದ್ಧ. ಕಡಲನ್ನೇ ನಂಬಿದವರು ವರ್ಷದಲ್ಲಿ ಎರಡು ತಿಂಗಳು ಅದಕ್ಕೆ ರಜೆ ಕೊಡುತ್ತಾರೆ.

ದ್ವೀಪದಲ್ಲಿ ಮೊದಲು ಕಣ್ಣಿಗೆ ಬೀಳುವುದು ಶಿಲಾಸ್ತಂಭಗಳು. ಬಡಗಿಯು ಅಳತೆ ಹಿಡಿದು ಕೆತ್ತಿ ನಿಲ್ಲಿಸಿದಂತೆ ಐದು, ಆರು, ಏಳು ಮುಖಗಳ ಕಂಬಗಳು ಒಂದಕ್ಕೊಂದು ಅಂಟಿ ನಿಂತಿವೆ. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾರಸ ತಣ್ಣಗಾಗುತ್ತ ಕುಗ್ಗಿ ಹೀಗೆ ಬಿರಿಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ೧೯೭೯ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಉತ್ತರ ಐರ್ಲೆಂಡಿನ ‘ಜೈಂಟ್ಸ್ ಕಾಸ್‌ವೇ’ ಎಂಬ ಜಗತ್ಪ್ರಸಿದ್ಧ ತಾಣದ ಕಲ್ಲಿನ ಕಂಬಗಳು ಉಂಟಾದದ್ದೂ ಇದೇ ಬಗೆಯಲ್ಲಿ. ಮೇಷ್ಟ್ರು ಮೊಮ್ಮಗನಿಗೆ ಅಷ್ಟು ದೂರದ ಉಪಮಾನವನ್ನು ಕೊಡಲಿಲ್ಲ. “ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದ ಜೇಡಿಮಣ್ಣು ಹೇಗೆ ಬಿರುಕುಬಿಟ್ಟಿರುತ್ತದೆ, ನೆನಪಿದೆಯೆ? ಅದು ನೀರು ಆರಿ ಕುಗ್ಗಿದ್ದು, ಇದು ಬೆಂಕಿ ಆರಿ ಕುಗ್ಗಿದ್ದು” ಎಂದರು. ಹುಡುಗ ಕಂಬಗಳ ಮುಖಗಳನ್ನು ಎಣಿಸುವುದಕ್ಕೆ ತೊಡಗಿ ಆರು ಮುಖದವು ಎಷ್ಟೆಂದು ಚೀಟಿಯಲ್ಲಿ ಬರೆದುಕೊಂಡ.

ಅಲ್ಲಿಯ ಇನ್ನೊಂದು ವಿಹಾರ ಚಿಪ್ಪುಗಳದು. ಕೆಲವೆಡೆ ಮರಳಿಗಿಂತ ಚಿಪ್ಪಿನ ಚೂರೇ ಹೆಚ್ಚು. ಅಂಗೈಯಲ್ಲಿಟ್ಟು ಬಣ್ಣ, ಗೆರೆ, ಸುರುಳಿಗಳನ್ನು ನೋಡಿ, ಚಿತ್ರ ಬರೆದುಕೊಂಡು, ಅಲ್ಲಿಯೇ ಬಿಟ್ಟುಬರುವುದು ಕ್ರಮ. ಬರುವ ಸಾವಿರಾರು ಮಂದಿ ತಲೆಗೊಂದರಂತೆ ಒಯ್ದರೂ ದ್ವೀಪದಲ್ಲಿ ಏನು ಉಳಿದೀತು? ತಂದ ತಿಂಡಿಯ ಪೊಟ್ಟಣವನ್ನೂ ನೀರಿನ ಸೀಸೆಯನ್ನೂ ಮರಳಿ ತರುವುದು ಇದರ ಇನ್ನೊಂದು ಮುಖ. ದ್ವೀಪಕ್ಕೆ ಹಿತ್ತಿಲೆಂಬುದಿಲ್ಲ, ಅಲ್ಲಿ ಎಸೆದುದೆಲ್ಲ ಅಂಗಳದಲ್ಲಿಯೇ ಬೀಳುತ್ತದೆ.

ಪಡುವಣ ಬದಿಯಲ್ಲಿ ಎರಡು ಬಂಡೆಗಳ ನಡುವೆ ನೀರು ತಿಳಿಯಾಗಿ, ಅಲೆಯಿಲ್ಲದೆ, ಕರೆಯುವಂತೆ ಹಾಸಿತ್ತು. ಹುಡುಗ ತಾತನ ಮುಖ ನೋಡಿದ. ಮೇಷ್ಟ್ರು ಉತ್ತರ ಕೊಡುವ ಮೊದಲೇ ದೋಣಿಯ ತಾಂಡೇಲ ಕೂಗಿ ಹೇಳಿದ: “ಅಲ್ಲಿ ಇಳೀಬೇಡಿ ಮಾಸ್ಟ್ರೇ. ನೋಡ್ಲಿಕ್ಕೆ ಶಾಂತ ಉಂಟು, ಒಳಗೆ ಸೆಳವು ಉಂಟು. ಅಲೆ ಹೊಡಿಯುವಲ್ಲಿ ಹೆದರಿಕೆ ಇಲ್ಲ ಅಂತ ಅಲ್ಲ. ಅಲೆ ಇಲ್ಲದಲ್ಲಿಯೇ ಹೆಚ್ಚು ಹೆದರ್ಬೇಕು.”

ವರ್ಷವಿಡೀ ಮೇಷ್ಟ್ರು ಬೋಧಿಸಿದ್ದನ್ನು ಆ ಅನುಭವಸ್ಥ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಬೇಕಷ್ಟೆ. ಅದು ಇಕ್ಕಟ್ಟಾದ ಒಂದು ಕಾಲುವೆಯನ್ನು ಮಾಡಿಕೊಂಡು ರಭಸದಿಂದ ಕಡಲಿಗೆ ಓಡುತ್ತದೆ. ಓಡುವ ನೀರಿನ ಮೇಲೆ ಅಲೆ ಒಡೆಯುವುದು ಕಡಿಮೆಯಾದುದರಿಂದ ಅಲ್ಲಿ ನೊರೆಯಿಲ್ಲ, ಸದ್ದಿಲ್ಲ. ಬಯಲಿನವನು ಅದನ್ನೇ ಸುರಕ್ಷಿತವೆಂದು ಬಗೆದು ಇಳಿಯುತ್ತಾನೆ. ಸಿಕ್ಕಿದವನು ದಡಕ್ಕೆ ಮುಖಮಾಡಿ ಸೆಳವಿಗೆ ಎದುರಾಗಿ ಈಜಿದರೆ ಬಲವಾನನೂ ಸೋಲುತ್ತಾನೆ. ತೇಲುತ್ತ, ಕೈಯೆತ್ತಿ ನೆರವು ಕೇಳುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳವಿನ ಅಗಲ ಮುಗಿಯುತ್ತದೆ. ಮುಳುಗುತ್ತಿರುವವನನ್ನು ಕಂಡವನು ತಾನೂ ಧುಮುಕದೆ ಹಗ್ಗವನ್ನೋ ತ್ಯೂಬನ್ನೋ ಎಸೆಯಬೇಕು. ಒಬ್ಬನನ್ನು ಉಳಿಸಲು ಹೋಗಿ ಮೂವರು ಮಡಿದ ದುರಂತಗಳು ಈ ಅರಿವಿಲ್ಲದುದರ ಫಲ. ಪಾಚಿಗಟ್ಟಿದ ಬಂಡೆಯ ಅಂಚಿನಲ್ಲಿ ಭಾವಚಿತ್ರಕ್ಕಾಗಿ ಬೆನ್ನು ಕಡಲಿಗೆ ಮಾಡಿ ನಿಲ್ಲುವುದೂ ಇದೇ ಬಗೆಯ ಅವಿವೇಕ.

ಹುಡುಗ ಇಳಿಯಲಿಲ್ಲ. ಬಂಡೆಯ ಮೇಲೆ ತಾಯಿಯ ಪಕ್ಕದಲ್ಲಿ ಕುಳಿತು ಆ ತಿಳಿನೀರನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ಒಂದು ತೆಂಗಿನ ಚಿಪ್ಪು ಅಲ್ಲಿಗೆ ಬಂದಿತು. ಯಾರೋ ಹಗ್ಗ ಕಟ್ಟಿ ಎಳೆದಂತೆ ಕಡಲಿನತ್ತ ಸಾಗಿ ಕಣ್ಮರೆಯಾಯಿತು. ಹುಡುಗ ತಾಯಿಯ ಕೈಯನ್ನು ಹಿಡಿದುಕೊಂಡ. ಅವಳು ಆ ಕ್ಷಣದಲ್ಲಿ ಅಂಜಿದಳೋ ಧೈರ್ಯಗೊಂಡಳೋ ಹೇಳುವುದು ಕಷ್ಟ. ಎರಡೂ ಆಗಿರಬೇಕು. ದೋಣಿಯವರು ಹೇಳಿದ ವೇಳೆಗೆ ಸರಿಯಾಗಿ ಎಲ್ಲರೂ ಲೈಫ್ ಜಾಕೆಟ್ಟಿನ ಗುಂಡಿ ಬಿಗಿದು ಮರಳಿದರು. ಆ ವರ್ಷ ಶಾಲೆಯಿಂದ ಬಂದ ಒಪ್ಪಿಗೆ ಪತ್ರಕ್ಕೆ ಅವಳು ಸಹಿ ಹಾಕಿದಳು. ಆದರೆ ಅದರ ಕೆಳಗೆ ನಾಲ್ಕು ಪ್ರಶ್ನೆಗಳನ್ನು ಬರೆದು ಕಳುಹಿಸಿದಳು. ಎಷ್ಟು ಮಕ್ಕಳಿಗೆ ಒಬ್ಬ ಉಪಾಧ್ಯಾಯರು? ಅವರಲ್ಲಿ ಈಜು ಬಲ್ಲವರು ಯಾರು? ನೀರಿಗಿಳಿಯುವ ಎಡೆಯಲ್ಲಿ ಜೀವರಕ್ಷಕರುಂಟೆ? ಬೇಡವೆಂದು ಸ್ಥಳೀಯರು ಹೇಳಿದರೆ ಹಿಂದಿರುಗುವ ಧೈರ್ಯ ಇದೆಯೆ?

ಈ ನಾಲ್ಕು ಪ್ರಶ್ನೆಗಳು ಒಂದು ಮನೆಯವಾಗಿ ಉಳಿಯಬಾರದು. ದುರಂತವೊಂದು ನಡೆದಾಗ ಪ್ರವಾಸವನ್ನೇ ನಿಲ್ಲಿಸಬೇಕೆಂದು ಹೇಳುವುದು ಸುಲಭ; ವರ್ಷ ಕಳೆದು ನೆನಪು ಮಾಸಿದ ಮೇಲೆ ಏನೂ ನಡೆಯದಂತೆ ಬಸ್ಸು ಹತ್ತುವುದು ಇನ್ನೂ ಸುಲಭ. ಇವೆರಡರ ನಡುವೆ ಕಷ್ಟದ ದಾರಿಯೊಂದಿದೆ, ಅದು ಕಲಿಸುವ ದಾರಿ. ಶಾಲೆಯ ಕೆಲಸವೇ ಅದಲ್ಲವೆ? ಬಯಲುಸೀಮೆಯ ಶಾಲೆಗಳಲ್ಲಿ ಪ್ರವಾಸದ ಸಿದ್ಧತೆಯೆಂದರೆ ಬಸ್ಸು, ಊಟ, ತಂಗುದಾಣ, ಹಣದ ಲೆಕ್ಕ; ಮಗುವಿನ ದೇಹಕ್ಕೂ ಮನಸ್ಸಿಗೂ ಸಿದ್ಧತೆಯಿಲ್ಲ. ಕಡಲಿಗೆ ಹೋಗುವ ಆರು ತಿಂಗಳ ಮುಂಚೆಯೇ ಮಕ್ಕಳಿಗೆ ತೇಲುವುದು ಬರಬೇಕು. ಭೂಗೋಳದ ತರಗತಿಯಲ್ಲಿ ಉಬ್ಬರವಿಳಿತವೂ ಸೆಳವೂ ಪರೀಕ್ಷೆಗಲ್ಲದೆ ಪ್ರಾಣಕ್ಕಾಗಿ ಬೋಧಿಸಲ್ಪಡಬೇಕು. ಮೊದಲು ಊರ ಕೆರೆ, ಅನಂತರ ಹೊಳೆ, ಕೊನೆಗೆ ಕಡಲು ಎಂಬ ಕ್ರಮ ಬೆಳೆಯಬೇಕು. ದೋಣಿಯಲ್ಲಿ ಜನ ಮಿತಿ ಮೀರಿದರೆ ಉಪಾಧ್ಯಾಯರು ಮೊದಲು ತಾವು ಇಳಿದು ಮಕ್ಕಳನ್ನು ಇಳಿಸಬೇಕು.

ವಿದ್ಯಾಸಂಸ್ಥೆಗಳಿಗೆ ದಾನ ನೀಡುವ ಮಹನೀಯರು ಕಟ್ಟಡಕ್ಕೆ, ಗ್ರಂಥಾಲಯಕ್ಕೆ, ಪ್ರಯೋಗಶಾಲೆಗೆ ಉದಾರವಾಗಿ ಕೊಡುತ್ತ ಬಂದಿದ್ದಾರೆ. ಆ ಪಟ್ಟಿಗೆ ಈಜು ಕಲಿಸುವವರೊಬ್ಬರ ಸಂಬಳವೂ ನಲವತ್ತು ಲೈಫ್ ಜಾಕೆಟ್ಟುಗಳೂ ಸೇರಿದರೆ ಅದಕ್ಕೆ ಶಿಲಾಫಲಕ ಹಾಕಿಸಲು ಗೋಡೆ ಸಿಕ್ಕದಿರಬಹುದು. ಆದರೆ ಪ್ರವಾಸ ಮುಗಿಸಿ ಬಂದ ಬಸ್ಸಿನಿಂದ ಹೊರಟಷ್ಟೇ ಮಕ್ಕಳು ಇಳಿಯುವುದನ್ನು ಕಣ್ಣಾರೆ ಕಂಡ ಸಮಾಧಾನ ಸಿಕ್ಕುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಕೆರೆ ಬಾವಿಗಳಲ್ಲಿ ಈಜು ಕಲಿತವರು ಇನ್ನೂ ಇದ್ದಾರೆ. ವಾರಕ್ಕೊಂದು ಬೆಳಗು ಅವರು ಮಕ್ಕಳ ಜೊತೆ ಕೊಳದ ಬಳಿ ನಿಂತರೂ ಅದು ಸಣ್ಣ ಸೇವೆಯಲ್ಲ.

ಕಡಲು ಮಕ್ಕಳ ಶತ್ರುವಲ್ಲ. ಅದರ ನಡುವೆ ಕೋಟಿ ವರ್ಷಗಳ ಕಲ್ಲುಕಂಬಗಳನ್ನು ಕಾಣುವ, ಹವಳದ ಬಣ್ಣವನ್ನು ಕಾಣುವ, ಕಾಂಡ್ಲಾದ ಬೇರು ಉಸಿರಾಡುವುದನ್ನು ಕಾಣುವ ಹಕ್ಕು ಬಯಲಿನ ಮಗುವಿಗೂ ಉಂಟು. ಆ ಹಕ್ಕನ್ನು ಕೊಡಬೇಕಾದವರು ಹಿರಿಯರು. ಕೊಡುವ ಮೊದಲು ನೀರಿನ ಅಕ್ಷರಾಭ್ಯಾಸವನ್ನು ಮಾಡಿಸಬೇಕಾದವರೂ ಅವರೇ.